ಸರ್ವರ್ ಇಲ್ಲ ಅಂದರೆ ಏನ್ರೀ ಇಲ್ಲ?

ಅಜ್ಜಿ ಸೆರಗಿನ ಗಂಟು ಬಿಚ್ಚಿ, ದುಡ್ಡು ಎಣಿಸಿ ಕೌಂಟರಿನ ಮೇಲಿಟ್ಟು ಅರ್ಧ ಗಂಟೆ ಆಗಿತ್ತು. ಒಳಗಿದ್ದ ಗುಮಾಸ್ತ ಅದನ್ನು ಮುಟ್ಟಿರಲಿಲ್ಲ. "ಸರ್ವರ್ ಇಲ್ಲಮ್ಮ, ಕೂತ್ಕೊ" ಅಂದ. ಅಜ್ಜಿ ಹಿಂದಕ್ಕೆ ತಿರುಗಿ ನನ್ನನ್ನು ಕೇಳಿದಳು: "ಯಾರಪ್ಪಾ ಅವನು ಸರ್ವರು? ಊಟಕ್ಕೋದ್ನಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮುಳಬಾಗಿಲ ಹೋಟೆಲಿನಲ್ಲಿ ದೋಸೆ ತಂದಿಡೋ ಸರ್ವರನ್ನು ಬಿಟ್ಟು ಬೇರೆ ಸರ್ವರನ್ನ ಆಕೆ ಎಲ್ಲಿ ಕಂಡಾಳು? ಆಮೇಲೆ ಯೋಚನೆ ಮಾಡಿದೆ. ನಕ್ಕ ನಮಗೆ ತಾನೇ ಏನು ಗೊತ್ತಿತ್ತು? "ಇಲ್ಲ" ಅಂದ ಗುಮಾಸ್ತನಿಗೆ ತಾನೇ ಏನು ಗೊತ್ತಿತ್ತು?

ಇದು ನಡೆದದ್ದು ನಮ್ಮ ಕಡೆಯ ಒಂದು ಸಹಕಾರ ಸಂಘದಲ್ಲಿ. ಊರಿನ ಹೆಸರು ಬೇಡ, ಸಂಘದ ಹೆಸರೂ ಬೇಡ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕಿನಲ್ಲಿ ಯಾವುದಾದರೂ ಆಗಿರಬಹುದು ಅಂತ ತಿಳಿದುಕೊಳ್ಳಿ. ಅಪ್ಪನ ಹೆಸರಿನ ಬೆಳೆಸಾಲ ಕಟ್ಟೋಕೆ ನಾನೂ ಆ ಸಾಲಿನಲ್ಲಿ ನಿಂತಿದ್ದೆ. ಅವತ್ತು ತುಂಬ ಜನಕ್ಕೆ ವಾಯಿದೆಯ ಕೊನೇ ದಿನ. ವಾಯಿದೆಯೊಳಗೆ ಕಟ್ಟಿದರೆ ಬಡ್ಡಿ ಸೊನ್ನೆ, ಒಂದು ದಿನ ಮೀರಿದರೆ ಬಡ್ಡಿ ಬಿದ್ದೇ ಬೀಳುತ್ತೆ. 2023ರ ಬಜೆಟ್ಟಿನಲ್ಲಿ ಈ ಸೊನ್ನೆ ಬಡ್ಡಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದು ಓದುಗರಿಗೆ ನೆನಪಿರಬೇಕು. ಸರ್ಕಾರ ಐದು ಲಕ್ಷಕ್ಕೆ ಏರಿಸಿತು. ಸಂಘದ ಹಿಂದಿನ ಕೋಣೆಯಲ್ಲಿ, ಹಳೇ ಗೋಣಿಚೀಲಗಳ ಪಕ್ಕ ಕೂತಿದ್ದ ಒಂದು ಪೆಟ್ಟಿಗೆ ಅದನ್ನು ಇಳಿಸಿಬಿಟ್ಟಿತು!

ಅವತ್ತು ಪರದೆ ಆರೇಳು ಸಲ ನಿಂತಿತು. ಒಂದೊಂದು ಸಲ ಎರಡು ನಿಮಿಷ, ಒಂದೊಂದು ಸಲ ಐದು ನಿಮಿಷ. ಹನ್ನೆರಡರ ಹೊತ್ತಿನಲ್ಲಂತೂ ಅರ್ಧ ಗಂಟೆ. ಆಮೇಲೆ ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ ಓಡೋದು. ಅಜ್ಜಿಯ ರಸೀದಿ ಬಂತು, ನನ್ನದೂ ಬಂತು. ನನ್ನ ಹಿಂದೆ ನಿಂತಿದ್ದ ಒಬ್ಬ ರೈತರ ಸರದಿ ಬರೋ ಹೊತ್ತಿಗೆ ದಿನದ ಲೆಕ್ಕ ಮುಗಿಸಿದ್ದರು. "ನಾಳೆ ಬಾ ಅಣ್ಣಾ" ಅಂದರು. ನಾಳೆ ಅಂದರೆ ಬಡ್ಡಿ. "ಇವತ್ತಿನ ತಾರೀಕು ಹಾಕ್ಕೊಳ್ಳಿ ಸಾರ್" ಅಂತ ಆತ ಕೈಮುಗಿದರು. "ತಾರೀಕು ನಾವು ಹಾಕೋದಲ್ಲ, ಸಿಸ್ಟಂ ಹಾಕುತ್ತೆ" ಅಂತ ಉತ್ತರ. ಹಿಂದೆ ಶಾನುಭೋಗರ ಕಾಲದಲ್ಲಿ ತಾರೀಕು ತಿದ್ದೋದು ರೋಗವಾಗಿತ್ತು, ಒಪ್ಪೋಣ. ಈಗ ತಿದ್ದಲಾಗದಿರೋದೇ ರೋಗ.

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು, ಕಂಪ್ಯೂಟರ್ ಕಲಿತವನಲ್ಲ. ಆದರೆ ಪೇಪರಿನವನ ಬುದ್ಧಿ, ಬಿಡಲಿಲ್ಲ. ಕಾರ್ಯದರ್ಶಿಯವರು ಒಳ್ಳೆಯವರು, ಪಾಪ, ಅವರಿಗೂ ಬೈಸಿಕೊಂಡು ಸಾಕಾಗಿತ್ತು. ಒಂದೂವರೆ ವರ್ಷದಿಂದ ಇದೇ ಗೋಳಂತೆ. ಮೊದಲು ಬಂದವನು ವೈರು ಬದಲಾಯಿಸಿದ, ಎರಡನೆಯವನು ಮೆಮೊರಿ ಜಾಸ್ತಿ ಹಾಕಿದ, ಮೂರನೆಯವನು ಯುಪಿಎಸ್ ಮೇಲೆ ಹೇಳಿ ಹೊಸದು ಮಾರಿದ. ನಾಲ್ಕನೆಯವನು ಎಲ್ಲಾ ಕಂಪ್ಯೂಟರನ್ನೂ ಬದಲಾಯಿಸಬೇಕು ಅಂತ ಎರಡು ಹಾಳೆ ಕೊಟೇಶನ್ ಕೊಟ್ಟು ಹೋಗಿದ್ದ. ಜ್ವರ ಬಂದವನಿಗೆ ಒಬ್ಬ ಕಷಾಯ, ಒಬ್ಬ ತಾಯತ, ಒಬ್ಬ ಹೊಸ ಹಾಸಿಗೆ. ನಾಡಿ ಹಿಡಿದು ನೋಡಿದವನು ಒಬ್ಬನೂ ಇಲ್ಲ!

ನಾಡಿ ಹಿಡಿದವನು ಕೊನೆಗೆ ಸಿಕ್ಕಿದ್ದು ಯುಗಾದಿ ಹಬ್ಬಕ್ಕೆ ಊರಿಗೆ ಬಂದಿದ್ದ ಒಬ್ಬ ಹುಡುಗ. ಬೆಂಗಳೂರಿನಲ್ಲಿ ಇದೇ ಕೆಲಸ, ಅವನ ಅಪ್ಪ ಸಂಘದ ಸದಸ್ಯ. "ಎರಡು ದಿನ ಕೊಡಿ, ದುಡ್ಡು ಬೇಡ" ಅಂತ ಬಂದು ಕೂತ. ನಾನೂ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತೆ.

ಅವನು ಮೊದಲು ಕಂಪ್ಯೂಟರನ್ನು ಮುಟ್ಟಲೇ ಇಲ್ಲ. "ಯಾವ್ಯಾವಾಗ ನಿಲ್ಲುತ್ತೆ?" ಅಂತ ಕೇಳಿದ. "ಯಾವಾಗ ನೋಡಿದರೂ" ಅಂದ ಗುಮಾಸ್ತ. ಆಗ ಬಾಗಿಲ ಹತ್ತಿರ ನಿಂತಿದ್ದ ಅಟೆಂಡರ್ ಅಮ್ಮ, "ನಾನು ಬರ್ದಿಟ್ಟಿದೀನಿ ಸಾಮಿ" ಅಂತ ಗೋಡೆ ಕ್ಯಾಲೆಂಡರ್ ತೆಗೆದು ತಿರುಗಿಸಿದರು. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಮೂರು ತಿಂಗಳ ಲೆಕ್ಕ. ಜನ ತಮಗೇ ಬೈತಾರೆ ಅಂತ ತಮ್ಮ ಪುರಾವೆಗೆ ಬರೆದಿಟ್ಟುಕೊಂಡಿದ್ದರಂತೆ. 10-05, 11-05, 12-05, 1-05... ಪ್ರತಿ ದಿನ ಅದೇ. ನಡುನಡುವೆ ಲೆಕ್ಕಕ್ಕೆ ಸಿಗದ ಹೊತ್ತುಗಳು: 10-40, 3-22, ಹೀಗೆ.

ಹುಡುಗ ಅದನ್ನು ನೋಡಿ, "ಆಂಟಿ, ಅರ್ಧ ಕೆಲಸ ನೀವೇ ಮುಗಿಸಿದೀರ" ಅಂದ. ಗಡಿಯಾರ ನೋಡಿಕೊಂಡು ಬರೋ ಕಾಯಿಲೆ ಬೇರೆ, ಹೇಳದೇ ಕೇಳದೇ ಬರೋ ಕಾಯಿಲೆ ಬೇರೆ. ಇಲ್ಲಿ ಎರಡು ಕಾಯಿಲೆ ಇದೆ ಅಂತ ಅವನ ಮಾತು. ನಾಲ್ಕು ಜನ ಎಂಜಿನಿಯರುಗಳಿಗೆ ಸಿಗದ್ದು ಒಂದು ಪೆನ್ಸಿಲ್ ತುಂಡಿನಲ್ಲಿ ಸಿಕ್ಕಿತು.

ತೂಬು ಕಟ್ಟಿದ ಕೆರೆ

ಆಮೇಲೆ 11-05ಕ್ಕೆ ಕಾದು ಕೂತೆವು. ಪರದೆ ನಿಂತಿತು. ಹುಡುಗ ಒಂದೊಂದೇ ತೋರಿಸಿದ. ಲೆಕ್ಕ ಮಾಡೋ ಯಂತ್ರ, ಅಂದರೆ ಪ್ರೊಸೆಸರ್, ನೂರಕ್ಕೆ ಐದು ಭಾಗವೂ ಕೆಲಸ ಮಾಡ್ತಾ ಇಲ್ಲ, ಸುಮ್ಮನೆ ಕೂತಿದೆ. ಮೆಮೊರಿ ಖಾಲಿ ಬಿದ್ದಿದೆ. ವೈರಿನಲ್ಲಿ ಸಂದೇಶ ಕಳಿಸಿದರೆ ಕಣ್ಣು ಮಿಟುಕಿಸೋದರೊಳಗೆ ಉತ್ತರ ಬರ್ತಿದೆ. ಆದರೆ ಡಿಸ್ಕಿನ ಮುಂದೆ ಸಾಲು ನಿಂತಿದೆ! ನಮ್ಮ ಎಪಿಎಂಸಿಯಲ್ಲಿ ಟೊಮೆಟೊ ಸೀಸನ್ನಿನಲ್ಲಿ ಒಂದು ಲಾರಿ ಗೇಟಿನಲ್ಲಿ ಸಿಕ್ಕಿಕೊಂಡರೆ ಹಿಂದೆ ಗಾಡಿಗಳು ರಸ್ತೆ ತನಕ ನಿಲ್ಲಲ್ವೇ, ಹಾಗೆ. ಒಳಗೆ ಮಂಡಿಗಳಲ್ಲಿ ಹಮಾಲಿಗಳು ಬೀಡಿ ಸೇದುತ್ತಾ ಕೂತಿದ್ದಾರೆ, ಹೊರಗೆ ಜನ "ಮಾರ್ಕೆಟ್ ಬಂದ್ ಆಗಿದೆ" ಅಂತಾರೆ. ಮಾರ್ಕೆಟ್ ಬಂದ್ ಆಗಿಲ್ಲ, ಗೇಟು ಕಟ್ಟಿದೆ.

ಯಾಕೆ ಒಂದು ಡಿಸ್ಕು ನಿಧಾನವಾದರೆ ಐದು ಕೌಂಟರೂ ನಿಲ್ಲಬೇಕು? ಇದನ್ನು ಅವನು ಹೇಳಿದ್ದು ನನಗೆ ಬಹಳ ಹಿಡಿಸಿತು. ಮಂಡಿಯಲ್ಲಿ ಎರಡು ಪುಸ್ತಕ ಇರುತ್ತವೆ. ವ್ಯಾಪಾರ ಆದ ತಕ್ಷಣ ಚಿಟ್ಟಾದಲ್ಲಿ ಗೀಚಿಕೊಳ್ತಾರೆ, ಸಂಜೆ ನಿಧಾನವಾಗಿ ಖಾತೆಗೆ ಏರಿಸ್ತಾರೆ. ಡೇಟಾಬೇಸೂ ಹಾಗೇ. ಅಜ್ಜಿ ಕೊಟ್ಟ ದುಡ್ಡನ್ನು ಮೊದಲು ತನ್ನ ಚಿಟ್ಟಾದಲ್ಲಿ ಬರೆಯುತ್ತೆ, ಅದಕ್ಕೆ ಅವರು ಲಾಗ್ ಅಂತಾರೆ. ಡಿಸ್ಕು "ಬರೆದೆ ಸ್ವಾಮಿ" ಅಂತ ಹೇಳೋ ತನಕ ರಸೀದಿ ಕೊಡಲ್ಲ. ಕೊಡಬಾರದು ಕೂಡ, ಅದೇ ಅದರ ಪ್ರಾಮಾಣಿಕತೆ. ಡಿಸ್ಕು ಉತ್ತರ ಕೊಡಲಿಲ್ಲ ಅಂದರೆ ಅಜ್ಜಿಯ ಖಾತೆಗೆ ಹಾಕಿದ ಬೀಗ ತೆಗೆಯಲ್ಲ, ದಿನದ ನಗದು ಲೆಕ್ಕಕ್ಕೆ ಹಾಕಿದ ಬೀಗವನ್ನೂ ತೆಗೆಯಲ್ಲ. ನಗದು ಲೆಕ್ಕ ಎಲ್ಲಾ ಕೌಂಟರಿಗೂ ಬೇಕಲ್ಲ! ಹಾಗಾಗಿ ಎರಡನೇ ಕೌಂಟರು ಕಾಯುತ್ತೆ, ಮೂರನೆಯದೂ ಕಾಯುತ್ತೆ. ಯಾರೂ ಸತ್ತಿಲ್ಲ, ಎಲ್ಲರೂ ಕಾಯ್ತಿದ್ದಾರೆ.

ಹಳೇ ಮಾದರಿಯ ಡಿಸ್ಕು ಅಂದರೆ ಗಿರಗಿರ ತಿರುಗೋ ತಟ್ಟೆ. ನಿಮಿಷಕ್ಕೆ 7,200 ಸುತ್ತು. ಜೋರಾಯಿತು ಅನ್ನಿಸುತ್ತೆ, ಆದರೆ ಒಂದು ಸುತ್ತಿಗೆ 8 ಮಿಲಿಸೆಕೆಂಡ್ ಬೇಕು. ಅಲ್ಲಿಂದ ಇಲ್ಲಿಗೆ ಓಡಾಡುವ ಕೆಲಸವಾದರೆ ಸೆಕೆಂಡಿಗೆ ಸುಮಾರು ನೂರು, ಅಷ್ಟೇ. ಇವತ್ತಿನ ಎಸ್‌ಎಸ್‌ಡಿಗಳು ಅದನ್ನು ಹತ್ತಾರು ಸಾವಿರ ಲೆಕ್ಕದಲ್ಲಿ ಮಾಡ್ತವೆ. ಸಂಘದ ಟೆಂಡರ್ ಕಾಗದದಲ್ಲಿ ಡಿಸ್ಕು ಎಷ್ಟು ಹಿಡಿಸುತ್ತೆ ಅಂತ ಬರೆದಿತ್ತು, ಎಷ್ಟು ಬೇಗ ಬರೆಯುತ್ತೆ ಅಂತ ಒಂದಕ್ಷರ ಇರಲಿಲ್ಲ. ಕೆರೆ ಎಷ್ಟು ಎಕರೆ ಅಂತ ಕೇಳಿ ತೂಬಿನ ಅಳತೆ ಕೇಳದ ಹಾಗೆ. ನಮ್ಮ ಜಿಲ್ಲೆಯ ಯಾವ ನೀರಗಂಟಿಯನ್ನು ಕೇಳಿದ್ದರೂ ಹೇಳ್ತಿದ್ದ: ಕೆರೆ ಕೋಡಿ ಬಿದ್ದರೂ ತೂಬಿನಲ್ಲಿ ಹೂಳು ಕೂತಿದ್ದರೆ ಗದ್ದೆಗೆ ನೀರಿಲ್ಲ.

ಇನ್ನು 11-05ರ ಗುಟ್ಟು. ವರ್ಷಗಳ ಹಿಂದೆ ಯಾರೋ ಒಳ್ಳೆ ಮನಸ್ಸಿನಿಂದಲೇ, ಗಂಟೆಗೊಂದು ಸಲ ಇಡೀ ಲೆಕ್ಕದ ನಕಲು ತೆಗೆಯುವಂತೆ ಇಟ್ಟಿದ್ದರು. ರಾತ್ರಿ ತೆಗೆಯಬಹುದಿತ್ತಲ್ಲ ಅಂದರೆ, ರಾತ್ರಿ ಸಂಘದಲ್ಲಿ ಮೈನ್ ಸ್ವಿಚ್ಚೇ ಆರಿಸಿ ಹೋಗ್ತಾರೆ! ಆಗ ಲೆಕ್ಕ ಚಿಕ್ಕದು, ನಕಲು ಅರ್ಧ ನಿಮಿಷದಲ್ಲಿ ಮುಗೀತಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ. ಲೆಕ್ಕ ಬೆಳೆಯಿತು, ನಕಲೂ ಬೆಳೆಯಿತು. ನಕಲು ಹೋಗಿ ಕೂರ್ತಿದ್ದದ್ದು ಅದೇ ಡಿಸ್ಕಿನ ಮೇಲೆ. ಒಂದೇ ತಟ್ಟೆಯಿಂದ ಓದಿ ಅದೇ ತಟ್ಟೆಗೆ ಬರೆಯುವಾಗ ಪಾಪ ಅಜ್ಜಿಯ ಎಂಟುನೂರು ರೂಪಾಯಿ ಎಲ್ಲಿ ನುಗ್ಗಬೇಕು? ಅಲ್ಲದೆ, ಡಿಸ್ಕು ಕೆಟ್ಟರೆ ಲೆಕ್ಕವೂ ಹೋಯಿತು, ನಕಲೂ ಹೋಯಿತು. ಮನೆಗೆ ಬೆಂಕಿ ಬಿದ್ದರೆ ಬೇಕಾಗುತ್ತೆ ಅಂತ ಪತ್ರಗಳ ಜೆರಾಕ್ಸ್ ಮಾಡಿಸಿ ಅದೇ ಬೀರುವಿನಲ್ಲಿಟ್ಟ ಹಾಗೆ.

ಹೇಳದೇ ಬರೋ ಕಾಯಿಲೆ ಇನ್ನೂ ಕೆಟ್ಟದು. ಜೋಡಿ ಡಿಸ್ಕಿನಲ್ಲಿ ಒಂದನ್ನು ಹಿಂದೆ ಯಾವಾಗಲೋ ಬದಲಾಯಿಸಿದ್ದರು. ಅಗ್ಗಕ್ಕೆ ಸಿಕ್ಕಿದ್ದು ಮನೆಯಲ್ಲಿ ಸಿನಿಮಾ ತುಂಬಿಕೊಳ್ಳೋ ಮಾದರಿಯದು. ಅಂಥ ಡಿಸ್ಕಿಗೆ ಒಂದು ಗುಣ. ಕೆಟ್ಟ ಜಾಗ ಸಿಕ್ಕಿದರೆ ಒಪ್ಪಿಕೊಳ್ಳಲ್ಲ, ಮತ್ತೆ ಮತ್ತೆ ಓದೋಕೆ ನೋಡುತ್ತೆ, ಅರ್ಧ ನಿಮಿಷ, ಒಂದು ನಿಮಿಷ. ಮನೆಯಲ್ಲಿ ಅದು ಒಳ್ಳೇದೇ. ಸರ್ವರಿಗೆಂದೇ ಮಾಡಿದ ಡಿಸ್ಕು ಹತ್ತು ಸೆಕೆಂಡಿನೊಳಗೆ ಕೈ ಎತ್ತಿ "ಇಲ್ಲಿ ಆಗಲ್ಲ, ಜೋಡಿಯವನನ್ನು ಕೇಳು" ಅನ್ನುತ್ತೆ. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಇನ್ನೊಂದು ಎಷ್ಟು ಗಟ್ಟಿಯಾಗಿದ್ದು ಏನು ಪ್ರಯೋಜನ? ಹುಡುಗ ಆ ಡಿಸ್ಕಿನ ಆರೋಗ್ಯದ ಪಟ್ಟಿ ತೆಗೆದು ತೋರಿಸಿದ. "ಕರೆಂಟ್ ಪೆಂಡಿಂಗ್ ಸೆಕ್ಟರ್" ಅಂತ ಒಂದು ಸಾಲು, ಸೊನ್ನೆ ಇರಬೇಕಾದ ಕಡೆ ನೂರರ ಮೇಲಿತ್ತು. ಕಾರ್ಯದರ್ಶಿಯವರು ಇಣುಕಿ ನೋಡಿ, "ಕರೆಂಟ್ ಪೆಂಡಿಂಗ್ ಹೇಗಪ್ಪಾ? ಬೆಸ್ಕಾಂ ಬಿಲ್ಲು ಹೋದ ವಾರವೇ ಕಟ್ಟಿದೀವಲ್ಲ!" ಅಂದರು. ಎರಡು ದಿನದಲ್ಲಿ ನಾವೆಲ್ಲ ಒಟ್ಟಿಗೆ ನಕ್ಕಿದ್ದು ಅದೊಂದೇ ಸಲ.

ನಗು ನಿಂತಿದ್ದು ಮುಂದಿನ ಕಾಗದ ತೆಗೆದಾಗ. ಅಲ್ಲಿದ್ದದ್ದು ಎಸ್‌ಕ್ಯೂಎಲ್ ಸರ್ವರ್ ಅನ್ನೋ ಡೇಟಾಬೇಸ್. ಡಿಸ್ಕಿಗೆ ಕೊಟ್ಟ ಕೆಲಸ 15 ಸೆಕೆಂಡಿಗಿಂತ ತಡವಾದರೆ ಅದು ತಾನಾಗಿಯೇ ತನ್ನ ದೋಷದ ಕಡತದಲ್ಲಿ ಬರೆದಿಡುತ್ತೆ. ಯಾವ ಕಡತ, ಎಷ್ಟು ಸಲ, ಎಷ್ಟು ಹೊತ್ತಿಗೆ, ಎಲ್ಲಾ. ಒಂದೂವರೆ ವರ್ಷದಿಂದ ಬರೆದಿತ್ತು, ಸಾವಿರಗಟ್ಟಲೆ ಸಾಲು! ರೋಗಿ ದಿನಾ ಬಾಯಿಬಿಟ್ಟು ಹೇಳ್ತಿದ್ದಾನೆ, ಇಲ್ಲಿ ನೋವು ಅಂತ ಬೆರಳಿಟ್ಟು ತೋರಿಸ್ತಿದ್ದಾನೆ, ವೈದ್ಯರು ವೈರು ಬದಲಾಯಿಸ್ತಿದ್ದಾರೆ.

ಇದು ನಮ್ಮ ಹಳ್ಳಿ ದಡ್ಡತನ ಅಂತ ಯಾರೂ ಮೂಗು ಮುರಿಯೋದು ಬೇಡ. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ 2010ರ ಆಗಸ್ಟಿನಲ್ಲಿ ದಾಸ್ತಾನು ಯಂತ್ರವೊಂದು ಕೆಟ್ಟು 26 ಇಲಾಖೆಗಳ ಕೆಲಸ ನಿಂತು, ಜನಕ್ಕೆ ದಿನಗಟ್ಟಲೆ ಡ್ರೈವಿಂಗ್ ಲೈಸೆನ್ಸ್ ಸಿಗಲಿಲ್ಲ. ಆಸ್ಟ್ರೇಲಿಯಾದ ತೆರಿಗೆ ಇಲಾಖೆಯಲ್ಲಿ 2016ರ ಡಿಸೆಂಬರಿನಲ್ಲಿ ಇದೇ ಥರ ದಾಸ್ತಾನು ಕುಸಿದಾಗ ವಿಚಾರಣೆ ಮಾಡಿ ನೋಡಿದರೆ, ಎಚ್ಚರಿಕೆಯ ಗುರುತುಗಳು ತಿಂಗಳುಗಳ ಮೊದಲಿಂದಲೂ ದಾಖಲಾಗಿದ್ದವು. ಅವರೂ ಕ್ಯಾಲೆಂಡರಿನ ಹಿಂಬದಿ ನೋಡಿರಲಿಲ್ಲ.

ಮದ್ದು ಸುಲಭವಾಗಿಯೇ ಇತ್ತು. ಕುಂಟು ಡಿಸ್ಕು ತೆಗೆದು ಸರಿಯಾದದ್ದು ಹಾಕಿದರು. ಚಿಟ್ಟಾಗೆ ಅಂತಲೇ ಬೇರೆ ಎಸ್‌ಎಸ್‌ಡಿ ಜೋಡಿ. ನಕಲು ಸಂಜೆ ಬಾಗಿಲು ಹಾಕೋ ಮುಂಚೆ ಒಂದು ಸಲ ಪೂರ್ತಿ, ಬೇರೆ ಡಿಸ್ಕಿಗೆ. ಹಗಲಲ್ಲಿ ಚಿಟ್ಟಾದ ಹೊಸ ಪುಟಗಳನ್ನಷ್ಟೇ ನಕಲು ಮಾಡೋದು, ಅದು ಕ್ಷಣದ ಕೆಲಸ. ನಾಲ್ಕನೆಯವನ ಕೊಟೇಶನ್ನಿನ ಹತ್ತರಲ್ಲಿ ಒಂದು ಭಾಗವೂ ಖರ್ಚಾಗಲಿಲ್ಲ.

ಇಲ್ಲಿ ಒಂದು ಅಪಾಯದ ಮಾತು ಹೇಳಲೇಬೇಕು. ಇದಕ್ಕೆ ಒಂದು ದಿಢೀರ್ ಮದ್ದೂ ಇದೆ, ಅಂಗಡಿಯವರು ಕೆಲವರು ಮಾಡಿಕೊಡ್ತಾರಂತೆ. ಡಿಸ್ಕು ಬರೆಯೋ ಮುಂಚೆಯೇ "ಬರೆದೆ" ಅಂತ ಸುಳ್ಳು ಹೇಳುವ ಹಾಗೆ ಒಂದು ಸ್ವಿಚ್ಚು ಒತ್ತೋದು. ತಕ್ಷಣ ಎಲ್ಲಾ ಕುದುರೆ ಹಾಗೆ ಓಡುತ್ತೆ, ಜನ ಶಹಬ್ಬಾಸ್ ಅಂತಾರೆ. ಸರಿಯಾದ ಬ್ಯಾಟರಿ ಬೆಂಬಲ ಇರೋ ಕಡೆ ಪರವಾಗಿಲ್ಲ. ಇಲ್ಲದ ಕಡೆ, ಮಾವಿನ ಕಾಲದ ಗಾಳಿಮಳೆಗೆ ಶ್ರೀನಿವಾಸಪುರದಲ್ಲಿ ಕರೆಂಟ್ ಹೋಗೋ ರೀತಿ ನಿಮಗೆ ಗೊತ್ತೇ ಇದೆಯಲ್ಲ, ಆ ಕ್ಷಣದಲ್ಲಿ ಅಜ್ಜಿಯ ಕೈಯಲ್ಲಿ ರಸೀದಿ ಇರುತ್ತೆ, ಪುಸ್ತಕದಲ್ಲಿ ದುಡ್ಡು ಇರಲ್ಲ. ನಿಧಾನದ ಸತ್ಯವೇ ಸಾಕು ಸ್ವಾಮಿ.

ಲೆಕ್ಕಕ್ಕೇ ಬಾರದ ದಿನಗಳು

ಒಂದು ಸಂಘದ ಕತೆ ಇಷ್ಟುದ್ದ ಬರೆದದ್ದು ಯಾಕೆ ಅಂದರೆ, "ಸರ್ವರ್ ಇಲ್ಲ" ಅನ್ನೋ ಮಾತು ಈಗ ನಾಡಿನ ಎಲ್ಲಾ ಕೌಂಟರಿನ ಮಾತು. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿಗೆ ಹೆಣ್ಣುಮಕ್ಕಳು ಸಾಲು ನಿಂತಾಗಲೂ ಇದೇ ಮಾತು ಕೇಳಿದರು. ಹಾಗಂತ ಎಲ್ಲಾ ಕಡೆ ಡಿಸ್ಕೇ ಕಳ್ಳ ಅಂತಲ್ಲ. 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ಕುಂಟಿದಾಗ, ಅದು ಹೊರಗಿನಿಂದ ಬೇಕಂತಲೇ ಸುಳ್ಳು ಬೇಡಿಕೆಗಳನ್ನು ಸುರಿದು ಮಾಡಿದ ದಾಳಿ ಅಂತ ಸರ್ಕಾರವೇ ಹೇಳಿತು, ಪೊಲೀಸ್ ದೂರೂ ಆಯಿತು. ರೋಗ ಬೇರೆ ಬೇರೆ, ಕೌಂಟರಿನಲ್ಲಿ ಸಿಗೋ ಉತ್ತರ ಮಾತ್ರ ಒಂದೇ. ಅದೇ ನನ್ನ ತಕರಾರು.

ಭೂಮಿ ಯೋಜನೆ 2000ದ ಸುಮಾರಿಗೆ ಬಂದಾಗ ತಾಲ್ಲೂಕು ಕಚೇರಿಯಲ್ಲೇ ಸರ್ವರ್ ಇತ್ತು. 67 ಲಕ್ಷ ರೈತರ 2 ಕೋಟಿ ಪಹಣಿ ಕಂಪ್ಯೂಟರಿಗೆ ಬಂದವು, 15 ರೂಪಾಯಿ ಕೊಟ್ಟರೆ ಕೈಗೆ ಪಹಣಿ. ಕೆಟ್ಟರೆ ಆ ತಾಲ್ಲೂಕು ನಿಲ್ಲೋದು, ನಮ್ಮ ಕಣ್ಣೆದುರಿಗೆ. ಆಮೇಲೆ ಎಲ್ಲಾ ಬೆಂಗಳೂರಿನ ಡೇಟಾ ಸೆಂಟರಿಗೆ ಹೋಯಿತು. ಒಳ್ಳೆಯದೇ, ಅಲ್ಲಿ ರಾತ್ರಿ ಯಾರೂ ಮೈನ್ ಸ್ವಿಚ್ ಆರಿಸಲ್ಲ. ಆದರೆ ಮಾಲೂರಿನ ಗುಮಾಸ್ತನಿಗೆ ಈಗ ಪರದೆ ನಿಂತದ್ದಷ್ಟೇ ಕಾಣುತ್ತೆ. ಬೆಂಗಳೂರಿನಲ್ಲಿ ಕೂತವನಿಗೆ, ಸರ್ವರು ಬದುಕಿದೆ ಅಂತ ತೋರಿಸೋ ಹಸಿರು ದೀಪವಷ್ಟೇ ಕಾಣುತ್ತೆ. ಎರಡು ನಿಮಿಷ ಮೂರ್ಛೆ ಹೋಗಿ ಎದ್ದದ್ದು ಇಬ್ಬರ ಪುಸ್ತಕದಲ್ಲೂ ಬರಲ್ಲ.

ಸಕಾಲ ಇದೆಯಲ್ಲ ಅಂತೀರಿ. 2011ರ ಕಾಯಿದೆ, 2012ರ ಏಪ್ರಿಲಿನಿಂದ ರಾಜ್ಯಕ್ಕೆಲ್ಲ. ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಒಳ್ಳೇ ಕಾನೂನು, ಸುಳ್ಳಲ್ಲ. ಆದರೆ ದಿನದ ಎಣಿಕೆ ಶುರುವಾಗೋದು ಅರ್ಜಿ ದಾಖಲಾಗಿ ನಂಬರು ಬಿದ್ದ ಮೇಲೆ. ಸರ್ವರು ನಿಂತಿದ್ದರೆ ಅರ್ಜಿಯೇ ದಾಖಲಾಗಲ್ಲ, ನಂಬರೇ ಬೀಳಲ್ಲ. ಮೂರು ದಿನ ಅಲೆದವನ ಆ ಮೂರು ದಿನ ಕಾನೂನಿನ ಕಣ್ಣಿಗೆ ಹುಟ್ಟೇ ಇಲ್ಲ! ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಬಂದವನಿಗೆ ಅವು ಹುಟ್ಟಿದ ದಿನಗಳೇ.

ನಾನು ಕೇಳೋದು ಕೋಟಿಗಳ ಯೋಜನೆಯಲ್ಲ. ಪ್ರತಿ ಕೌಂಟರಿನಲ್ಲಿ ಒಂದು ರೂಲು ಹಾಕಿದ ಪುಸ್ತಕ ಇಡಿ. ಪರದೆ ನಿಂತಾಗ ಹೊತ್ತು, ಮತ್ತೆ ಓಡಿದಾಗ ಹೊತ್ತು, ಆಗ ಸಾಲಿನಲ್ಲಿದ್ದವರ ಹೆಸರು, ತಂದ ಕೆಲಸ, ಬರೆದು ಮೊಹರು ಒತ್ತಿ ಒಂದು ಚೀಟಿ ಕೊಡಿ. ಆ ಚೀಟಿಯ ತಾರೀಕನ್ನೇ ಕೆಲಸದ ತಾರೀಕು ಅಂತ ಒಪ್ಪಿ, ಬಡ್ಡಿಗಾಗಲಿ, ಸಕಾಲದ ಎಣಿಕೆಗಾಗಲಿ. ತಿಂಗಳ ಕೊನೆಗೆ ಆ ಪುಸ್ತಕವನ್ನು, ಯಂತ್ರ ತಾನೇ ಬರೆದುಕೊಂಡ ದೋಷದ ಕಡತದ ಪಕ್ಕದಲ್ಲಿಟ್ಟು ಓದೋಕೆ ಗೊತ್ತಿರೋ ಒಬ್ಬರನ್ನು ಕೂರಿಸಿ. ದೇಶದ 63 ಸಾವಿರ ಪ್ರಾಥಮಿಕ ಕೃಷಿ ಸಹಕಾರ ಸಂಘಗಳನ್ನು ಕಂಪ್ಯೂಟರಿಗೆ ತರೋಕೆ 2022ರ ಜೂನಿನಲ್ಲಿ ಕೇಂದ್ರ ಸಂಪುಟ 2,516 ಕೋಟಿ ರೂಪಾಯಿ ಒಪ್ಪಿತು. ಅದರ ಜೊತೆಗೆ ಒಂದು ನೋಟ್ ಪುಸ್ತಕದ ಖರ್ಚನ್ನು ಸಂಘಗಳೇ ಹಾಕಿಕೊಂಡಾವು.

"ಚೀಟಿ ಕೊಟ್ಟರೆ ಮೋಸ ಮಾಡ್ತಾರೆ, ತಾರೀಕು ತಿದ್ದುತಾರೆ" ಅಂತ ಒಬ್ಬ ಅಧಿಕಾರಿ ನನ್ನ ಹತ್ತಿರ ಅಂದರು. ಹೆದರಿಕೆ ಪೂರ್ತಿ ಸುಳ್ಳಲ್ಲ. ಆದರೆ ಸರ್ವರು ಯಾವಾಗ ನಿಂತಿತ್ತು ಅನ್ನೋದು ಯಂತ್ರದೊಳಗೇ ದಾಖಲಾಗಿರುತ್ತಲ್ಲ, ಚೀಟಿಯ ಹೊತ್ತಿಗೂ ಅದಕ್ಕೂ ತಾಳೆ ನೋಡಿದರೆ ಕಳ್ಳ ಸಿಕ್ಕಿಬೀಳ್ತಾನೆ. ಅಟೆಂಡರ್ ಅಮ್ಮನ ಪೆನ್ಸಿಲ್ ಗುರುತು ಯಂತ್ರದ ಕಡತಕ್ಕೆ ನಿಮಿಷಕ್ಕೆ ನಿಮಿಷ ತಾಳೆ ಆಗಿದ್ದನ್ನು ನಾನೇ ಕಂಡಿದ್ದೇನೆ.

ಮೊನ್ನೆ ಆ ಸಂಘಕ್ಕೆ ಹೋಗಿದ್ದೆ. ಆಯಮ್ಮ ಕ್ಯಾಲೆಂಡರಿನಲ್ಲಿ ಬರೆಯೋದನ್ನು ನಿಲ್ಲಿಸಿಲ್ಲ. ಇಡೀ ತಿಂಗಳಿಗೆ ಎರಡೇ ಗುರುತು, ಎರಡೂ ಕರೆಂಟ್ ಹೋದದ್ದು. ಆ ರೈತರೂ ಅಲ್ಲೇ ಸಿಕ್ಕಿದರು. ಅವತ್ತು ಬಿದ್ದ ಬಡ್ಡಿ ಅವರ ಖಾತೆಯಲ್ಲಿ ಹಾಗೇ ಇದೆ. ಹುಡುಗ ತೆಗೆದುಕೊಟ್ಟ ದೋಷದ ಕಡತದ ಪ್ರತಿ, ಕ್ಯಾಲೆಂಡರಿನ ಆ ಹಾಳೆಯ ಜೆರಾಕ್ಸ್, ಎರಡನ್ನೂ ಲಗತ್ತಿಸಿ ಮೇಲಿನವರಿಗೆ ಅರ್ಜಿ ಹಾಕಿದ್ದಾರೆ. ಅರ್ಜಿ ಬರೆದುಕೊಟ್ಟವನು ನಾನೇ. ಉತ್ತರ ಬಂದ ದಿನ ಇದೇ ಅಂಕಣದಲ್ಲಿ ಅಚ್ಚು ಹಾಕ್ತೇನೆ.